ಮನೆಗೆ ಬರುವ ಹೊಸ ವಸ್ತುವಿನ ಅಪಾಯವನ್ನು ಮುಂಚಿತವಾಗಿ ಅಳೆಯುವ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 44 ಲಕ್ಷ ಜನ ಗಾಯಗಳಿಂದ ಪ್ರಾಣ ಕಳೆದುಕೊಳ್ಳುತ್ತಾರೆ. ಒಟ್ಟು ಸಾವುಗಳಲ್ಲಿ ಇದು ಸುಮಾರು ಶೇಕಡ 8ರಷ್ಟಾಗುತ್ತದೆ. ರಸ್ತೆ ಅಪಘಾತ, ಬೀಳುವುದು, ನೀರಿನಲ್ಲಿ ಮುಳುಗುವುದು, ಸುಟ್ಟಗಾಯ, ವಿಷ, ಹಿಂಸೆ, ಆತ್ಮಹತ್ಯೆ ಎಲ್ಲವೂ ಈ ಲೆಕ್ಕದಲ್ಲಿ ಸೇರಿವೆ. ಇಷ್ಟು ದೊಡ್ಡ ಸಂಖ್ಯೆಯಾದರೂ ರೋಗಗಳ ಕಾರಣವನ್ನು ಹುಡುಕುವ ತಾಳ್ಮೆಯಿಂದ ಗಾಯಗಳ ಕಾರಣವನ್ನು ಹುಡುಕುವವರು ಕಡಿಮೆ. ಮಗು ಬಿದ್ದರೆ, ಕೈ ಸುಟ್ಟರೆ, ‘ಸ್ವಲ್ಪ ಗಮನ ಇರಬೇಕಿತ್ತು’ ಎಂದು ಯಾರನ್ನಾದರೂ ದೂರಿ ವಿಷಯವನ್ನು ಅಲ್ಲಿಗೇ ಮುಗಿಸಿಬಿಡುತ್ತೇವೆ. ಗಾಯ ತಡೆಯ ಸಂಶೋಧನೆ ಬೆಳೆದಿರುವುದೇ ಈ ಉತ್ತರವನ್ನು ಒಪ್ಪದವರಿಂದ. ಗಮನ ತಪ್ಪುವುದು ಮನುಷ್ಯ ಸಹಜವೆಂದು ಮೊದಲೇ ಒಪ್ಪಿಕೊಂಡು, ಗಮನ ತಪ್ಪಿದ ಕ್ಷಣದಲ್ಲಿಯೂ ಗಾಯವಾಗದಂತೆ ವಸ್ತುವನ್ನೂ ಸ್ಥಳವನ್ನೂ ಅಣಿಗೊಳಿಸುವುದು ಹೇಗೆಂದು ಅವರು ಕೇಳಿದರು.

ಈ ಕೈಪಿಡಿ ಅದೇ ಪ್ರಶ್ನೆಯನ್ನು ದಿನಬಳಕೆಯ ಹೊಸ ವಸ್ತುಗಳಿಗೆ ಅನ್ವಯಿಸುವ ಕ್ರಮವನ್ನು ವಿವರಿಸುತ್ತದೆ. ಹಳೆಯ ಅಪಾಯಗಳ ಬಗ್ಗೆ ಮನೆಯಲ್ಲಿ ಹಿರಿಯರಿಂದ ಬಂದ ಎಚ್ಚರಿಕೆಯಾದರೂ ಇರುತ್ತದೆ. ಬೆಂಕಿ, ಬಾವಿ, ಚೂರಿಗಳ ವಿಷಯವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ರಿಮೋಟಿನೊಳಗಿನ ನಾಣ್ಯದಂಥ ಬ್ಯಾಟರಿ, ಗುಂಡುಸೂಜಿಯ ತಲೆಗಿಂತ ತುಸು ದೊಡ್ಡದಾದ ಪ್ರಬಲ ಅಯಸ್ಕಾಂತ, ರಾತ್ರಿಯಿಡೀ ಚಾರ್ಜ್ ಆಗುವ ಇ-ಸ್ಕೂಟರ್ ಇಂಥವುಗಳ ಬಗ್ಗೆ ಯಾವ ಅಜ್ಜಿಯೂ ಎಚ್ಚರಿಸಿಲ್ಲ.

ಇದರೊಳಗೆ ಯಾವ ಶಕ್ತಿ ಇದೆ?

ಗಾಯ ತಡೆಯ ಮೊದಮೊದಲ ಸಂಶೋಧಕರಲ್ಲಿ ಒಬ್ಬರಾದ ಹ್ಯೂ ಡಿಹೇವನ್ ಅವರು 1917ರಲ್ಲಿ ವಿಮಾನ ಚಾಲನೆಯ ತರಬೇತಿಯಲ್ಲಿದ್ದಾಗ ಅವರ ವಿಮಾನ ಆಕಾಶದಲ್ಲಿಯೇ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಬಿದ್ದಿತು. ಬದುಕಿ ಉಳಿದ ಅವರು ತಾವು ಉಳಿದದ್ದು ಹೇಗೆಂಬುದನ್ನು ಅದೃಷ್ಟದ ಲೆಕ್ಕಕ್ಕೆ ಬಿಡಲಿಲ್ಲ. 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರ ಪ್ರಕರಣಗಳನ್ನು ಸಂಗ್ರಹಿಸಿ 1942ರಲ್ಲಿ ಅವುಗಳ ವಿಶ್ಲೇಷಣೆಯನ್ನು ಪ್ರಕಟಿಸಿದರು. ಬೀಳುವ ದೇಹ ಎಷ್ಟು ಅಂತರದಲ್ಲಿ ನಿಧಾನವಾಗಿ ನಿಂತಿತು ಮತ್ತು ಹೊಡೆತವು ದೇಹದ ಎಷ್ಟು ಅಗಲಕ್ಕೆ ಹಂಚಿಹೋಯಿತು ಎಂಬ ಎರಡು ಸಂಗತಿಗಳು ಬದುಕನ್ನೂ ಸಾವನ್ನೂ ಬೇರ್ಪಡಿಸಿದ್ದನ್ನು ಅವರು ತೋರಿಸಿಕೊಟ್ಟರು. ಇಂದಿನ ಸೀಟ್ ಬೆಲ್ಟ್, ಹೆಲ್ಮೆಟ್, ಏರ್‌ಬ್ಯಾಗ್ ಎಲ್ಲವೂ ಈ ಎರಡು ಸಂಗತಿಗಳ ಮೇಲೆಯೇ ನಿಂತಿವೆ.

1961ರಲ್ಲಿ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್ ಅವರು ಈ ವಿಚಾರಕ್ಕೆ ಸಾಮಾನ್ಯ ರೂಪ ಕೊಟ್ಟರು. ದೇಹ ತಾಳಿಕೊಳ್ಳಲಾಗದಷ್ಟು ಶಕ್ತಿ ದೇಹಕ್ಕೆ ವರ್ಗವಾಗುವುದೇ ಗಾಯ ಎಂಬುದು ಅವರ ನಿಲುವು. ಆ ಶಕ್ತಿ ಚಲನೆಯದಿರಬಹುದು, ಶಾಖದ್ದಿರಬಹುದು, ರಾಸಾಯನಿಕದ್ದು, ವಿದ್ಯುತ್ತಿನದು, ವಿಕಿರಣದ್ದೂ ಇರಬಹುದು. ವೈದ್ಯರಾಗಿದ್ದ ವಿಲಿಯಂ ಹ್ಯಾಡನ್ ಅವರು ಇದಕ್ಕೆ ಇನ್ನೊಂದು ಬಗೆಯನ್ನು ಸೇರಿಸಿದರು: ದೇಹಕ್ಕೆ ಬೇಕಾದದ್ದು ಸಿಗದೆ ಹೋಗುವುದು. ಮುಳುಗುವುದು, ಉಸಿರುಗಟ್ಟುವುದು, ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ರಕ್ತಕ್ಕೆ ಆಮ್ಲಜನಕ ಸಿಗದಿರುವುದು ಈ ಗುಂಪಿಗೆ ಸೇರುತ್ತವೆ.

ಆದ್ದರಿಂದ ಹೊಸ ವಸ್ತುವೊಂದು ಮನೆಯೊಳಗೆ ಬಂದಾಗ ಅದರ ಉಪಯೋಗವನ್ನು ಕ್ಷಣಕಾಲ ಬದಿಗಿಟ್ಟು, ಅದರೊಳಗೆ ಯಾವ ಶಕ್ತಿ ಕೂಡಿಟ್ಟಿದೆ, ಅದು ಯಾವ ದಾರಿಯಿಂದ ಹೊರಬರಬಹುದು, ಹೊರಬಂದರೆ ಮೊದಲು ಯಾರ ದೇಹಕ್ಕೆ ತಗಲುತ್ತದೆ ಎಂದು ಕೇಳಿಕೊಳ್ಳಬೇಕು. ಎತ್ತರದ ಕಪಾಟಿನಲ್ಲಿ ಕೂಡಿಟ್ಟಿರುವುದು ಅದರ ತೂಕ ಮತ್ತು ಎತ್ತರ. ಕೆಳಗಿನ ಡ್ರಾಯರುಗಳನ್ನು ಎಳೆದು ಮೆಟ್ಟಿಲಾಗಿ ಬಳಸುವ ಮಗುವಿನ ಮೇಲೆ ಅದು ಬೀಳುತ್ತದೆ. ಗೋಡೆಗೆ ಗಟ್ಟಿಯಾಗಿ ಬಿಗಿದರೆ ಆ ದಾರಿ ಮುಚ್ಚಿದಂತೆ. ಇಲ್ಲಿ ಹೆಚ್ಚಿನ ಚರ್ಚೆಯ ಅಗತ್ಯವೇ ಇಲ್ಲ. ಮನೆಯ ಪಕ್ಕದಲ್ಲಿ ಓಡುವ ಜನರೇಟರಿನ ಅಪಾಯ ಬೆಂಕಿಗಿಂತ ಹೆಚ್ಚಾಗಿ ಅದರ ಹೊಗೆಯಲ್ಲಿದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲವಾದ್ದರಿಂದ ಯಂತ್ರವನ್ನು ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರದ ಬಯಲಿನಲ್ಲಿಡುವುದು ಮತ್ತು ಮಲಗುವ ಕೋಣೆಗಳ ಬಳಿ ಆ ಅನಿಲವನ್ನು ಗುರುತಿಸಿ ಕೂಗುವ ಅಲಾರಂ ಇಡುವುದು ಇವೆರಡೇ ನಂಬಬಹುದಾದ ಕ್ರಮಗಳು. ಕಿಟಕಿ ತೆರೆದಿಟ್ಟರೆ ಸಾಕೆಂಬ ನಂಬಿಕೆ ತಪ್ಪು.

ಒಂದು ಹಾಳೆಯ ಮೇಲೆ ಒಂಬತ್ತು ಮನೆಗಳು

ಹ್ಯಾಡನ್ ಅವರು 1966ರಿಂದ ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಮೊದಲ ಮುಖ್ಯಸ್ಥರಾಗಿದ್ದರು. 1970ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಕೋಷ್ಟಕವನ್ನು ಇಂದಿಗೂ ಸಂಶೋಧಕರು ಬಳಸುತ್ತಾರೆ. ಮನೆಯಲ್ಲಿಯೂ ಅದನ್ನು ಬಳಸಲು ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಮೇಲಿನಿಂದ ಕೆಳಕ್ಕೆ ಘಟನೆಯ ಮೊದಲು, ಘಟನೆಯ ಕ್ಷಣ, ಘಟನೆಯ ನಂತರ ಎಂದು ಮೂರು ಸಾಲುಗಳನ್ನು ಬರೆಯಬೇಕು. ಅಡ್ಡಲಾಗಿ ವ್ಯಕ್ತಿ, ವಸ್ತು, ಪರಿಸರ ಎಂಬ ಮೂರು ಅಂಕಣಗಳನ್ನು ಹಾಕಬೇಕು. ಹೀಗೆ ಒಂಬತ್ತು ಮನೆಗಳಾಗುತ್ತವೆ. ಪ್ರತಿಯೊಂದರಲ್ಲಿಯೂ ‘ಇಲ್ಲಿ ಏನನ್ನು ಬದಲಾಯಿಸಬಹುದು’ ಎಂಬುದನ್ನು ತುಂಬುತ್ತ ಹೋಗಬೇಕು. ಬಹುತೇಕರು ಮೊದಲ ಸಾಲಿನ ಮೊದಲ ಮನೆಯಾದ ‘ಘಟನೆಯ ಮೊದಲು, ವ್ಯಕ್ತಿ’ ಎಂಬುದನ್ನು ಉಪದೇಶಗಳಿಂದ ತುಂಬಿಸಿ ಉಳಿದ ಎಂಟನ್ನೂ ಖಾಲಿ ಬಿಡುತ್ತಾರೆ. ಆ ಎಂಟು ಖಾಲಿ ಮನೆಗಳು ಕಣ್ಣಿಗೆ ಬೀಳುವಂತೆ ಮಾಡುವುದೇ ಕೋಷ್ಟಕದ ದೊಡ್ಡ ಉಪಕಾರ.

ಚಾರ್ಜ್ ಮಾಡುವ ಲಿಥಿಯಂ-ಅಯಾನ್ ಬ್ಯಾಟರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇ-ಸೈಕಲ್ ಅಥವಾ ಇ-ಸ್ಕೂಟರಿನ ಬ್ಯಾಟರಿಯೊಳಗೆ ಹತ್ತಾರು ಕೋಶಗಳು ಒತ್ತೊತ್ತಾಗಿ ಕುಳಿತಿರುತ್ತವೆ. ತಯಾರಿಕೆಯ ದೋಷ, ಬಿದ್ದ ಪೆಟ್ಟು, ನೀರು, ಹೊಂದದ ಚಾರ್ಜರ್ ಇವುಗಳಲ್ಲಿ ಯಾವುದಾದರೊಂದರಿಂದ ಒಂದು ಕೋಶದೊಳಗೆ ಶಾರ್ಟ್ ಆದರೆ ಅದು ತನ್ನ ಶಾಖದಿಂದಲೇ ಇನ್ನಷ್ಟು ಬಿಸಿಯಾಗುತ್ತ ಹೋಗಿ, ಪಕ್ಕದ ಕೋಶವನ್ನೂ ಅದೇ ಸ್ಥಿತಿಗೆ ತಳ್ಳುತ್ತದೆ. ಈ ಹಂತದಲ್ಲಿ ಹೊರಬರುವ ಅನಿಲದಲ್ಲಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್ ಇರುತ್ತವೆ. ಅದು ಉರಿಯುತ್ತದೆ, ಮುಚ್ಚಿದ ಕೋಣೆಯಲ್ಲಿ ಸ್ಫೋಟಿಸಲೂ ಬಹುದು, ಉಸಿರಾಡಿದರೆ ವಿಷವೂ ಹೌದು. ಮೊದಲ ಹೊಗೆಗೂ ಜ್ವಾಲೆಗೂ ನಡುವೆ ಬಹಳ ಕಡಿಮೆ ಸಮಯ ಸಿಗುತ್ತದೆ ಎಂಬುದೇ ಇದನ್ನು ಹಳೆಯ ಬೆಂಕಿಗಳಿಂದ ಬೇರ್ಪಡಿಸುವ ಗುಣ.

ಈಗ ಕೋಷ್ಟಕವನ್ನು ತುಂಬಬಹುದು. ಘಟನೆಯ ಮೊದಲಿನ ಸಾಲಿನಲ್ಲಿ, ವಸ್ತುವಿನ ಅಂಕಣದಲ್ಲಿ ಬರೆಯಬೇಕಾದದ್ದು ಖರೀದಿಯ ನಿರ್ಧಾರ. ಬ್ಯಾಟರಿ, ಚಾರ್ಜರ್, ವಾಹನ ಮೂರನ್ನೂ ಒಟ್ಟಿಗೆ ಪರೀಕ್ಷಿಸಿ ಸ್ವತಂತ್ರ ಪ್ರಯೋಗಾಲಯವೊಂದು ಪ್ರಮಾಣೀಕರಿಸಿದ ವಸ್ತುವನ್ನೇ ಕೊಳ್ಳುವುದು, ರಿಪೇರಿಯ ಹೆಸರಿನಲ್ಲಿ ಹಳೆಯ ಕೋಶಗಳನ್ನು ಜೋಡಿಸಿ ಮಾಡಿದ ಬ್ಯಾಟರಿಯನ್ನು ದೂರವಿಡುವುದು, ಪಿನ್ ಹೊಂದಿತೆಂಬ ಒಂದೇ ಕಾರಣಕ್ಕೆ ಬೇರೆ ಚಾರ್ಜರ್ ಚುಚ್ಚದಿರುವುದು. ನ್ಯೂಯಾರ್ಕ್ ನಗರವು ಇಂಥ ಬೆಂಕಿಗಳು ಹೆಚ್ಚಿದ ಮೇಲೆ 2023ರಲ್ಲಿ, ಮಾನ್ಯ ಸುರಕ್ಷತಾ ಮಾನದಂಡಕ್ಕೆ ಪ್ರಮಾಣೀಕರಿಸದ ವಾಹನ ಮತ್ತು ಬ್ಯಾಟರಿಗಳ ಮಾರಾಟವನ್ನೇ ನಿಷೇಧಿಸಿತು. ಬಳಕೆದಾರನಿಗೆ ಬುದ್ಧಿ ಹೇಳುವುದಕ್ಕಿಂತ ಅಂಗಡಿಯ ಕಪಾಟಿನಿಂದ ವಸ್ತುವನ್ನು ತೆಗೆಯುವುದು ಹೆಚ್ಚು ಫಲ ಕೊಡುತ್ತದೆ ಎಂಬ ತಿಳಿವಳಿಕೆ ಆ ನಿಯಮದ ಹಿಂದಿದೆ.

ಅದೇ ಸಾಲಿನ ಪರಿಸರದ ಅಂಕಣದಲ್ಲಿ ಸ್ಥಳದ ವಿಷಯ ಬರುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಒಂಬತ್ತರಲ್ಲಿ ಇದೇ ಅತ್ಯಂತ ಮುಖ್ಯವಾದ ಮನೆ. ಮುಂಬಾಗಿಲ ಪಕ್ಕದಲ್ಲಿ ಪ್ಲಗ್ ಇದೆ, ಒಳಗೆ ಬಂದೊಡನೆ ವಾಹನ ನಿಲ್ಲಿಸಲು ಜಾಗವಿದೆ ಎಂಬ ಅನುಕೂಲಕ್ಕಾಗಿ ಹಲವರು ಅಲ್ಲಿಯೇ ಚಾರ್ಜ್ ಮಾಡುತ್ತಾರೆ. ಬೆಂಕಿ ಹೊತ್ತಿದರೆ ಮನೆಯವರು ತಪ್ಪಿಸಿಕೊಳ್ಳಬೇಕಾದ ದಾರಿಯಲ್ಲಿಯೇ ಅದು ಉರಿಯುತ್ತದೆ. ಹೊರಹೋಗುವ ಬಾಗಿಲು, ಮೆಟ್ಟಿಲು, ಕಾರಿಡಾರ್ ಇವುಗಳಿಂದ ದೂರದಲ್ಲಿ, ಹಾಸಿಗೆ, ಸೋಫಾ, ಪರದೆಗಳ ಸಮೀಪವಲ್ಲದ ಕಡೆ ಚಾರ್ಜಿಂಗ್ ಜಾಗವನ್ನು ಒಮ್ಮೆ ಗೊತ್ತುಮಾಡಿದರೆ, ಪ್ರತಿರಾತ್ರಿ ಎಚ್ಚರ ವಹಿಸಬೇಕಾದ ಭಾರ ಬಹುಮಟ್ಟಿಗೆ ಇಳಿಯುತ್ತದೆ. ಬ್ಯಾಟರಿಯನ್ನು ಕಳಚಿ ಹೊರಗಿನ ಕಟ್ಟಡದಲ್ಲಿ ಚಾರ್ಜ್ ಮಾಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಶೂನ್ಯ ಡಿಗ್ರಿಗಿಂತ ಕಡಿಮೆ ಚಳಿಯಲ್ಲಿದ್ದ ಬ್ಯಾಟರಿಯನ್ನು ಕೋಣೆಯ ಉಷ್ಣತೆಗೆ ಬರುವವರೆಗೆ ಚಾರ್ಜಿಗೆ ಹಾಕಬಾರದು. ಅಂಥ ಸ್ಥಿತಿಯಲ್ಲಿ ಲಿಥಿಯಂ ಲೋಹವು ಕೋಶದೊಳಗೆ ಪದರವಾಗಿ ಕೂತು ಮುಂದೆ ಶಾರ್ಟ್‌ಗೆ ಕಾರಣವಾಗಬಹುದು.

ಘಟನೆಯ ಕ್ಷಣದ ಸಾಲಿನಲ್ಲಿ ಹೊಗೆಯ ಅಲಾರಂ, ಮುಚ್ಚಿಟ್ಟ ಕೋಣೆಯ ಬಾಗಿಲು ಮತ್ತು ಇನ್ನೊಂದು ಹೊರದಾರಿ ಬರುತ್ತವೆ. ವ್ಯಕ್ತಿಯ ಅಂಕಣದಲ್ಲಿ ಒಂದೇ ನಿರ್ಧಾರವನ್ನು ಮೊದಲೇ ಬರೆದಿಡಬೇಕು: ವಾಹನದ ಬ್ಯಾಟರಿಯಿಂದ ಸುಯ್ಯೆನ್ನುವ ಸದ್ದು, ಹೊಗೆ, ವಿಚಿತ್ರ ವಾಸನೆ ಕಂಡಾಕ್ಷಣ ಅದನ್ನು ಎತ್ತಿ ಹೊರಗೆ ಸಾಗಿಸುವ ಸಾಹಸಕ್ಕೆ ಕೈಹಾಕದೆ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಹೋಗಿ ಅಗ್ನಿಶಾಮಕ ದಳವನ್ನು ಕರೆಯಬೇಕು. ನಂತರದ ಸಾಲಿನಲ್ಲಿ ಜನರಿಗೆ ತಿಳಿಯದ ಸಂಗತಿಯೊಂದಿದೆ. ಆರಿದಂತೆ ಕಂಡ ಬ್ಯಾಟರಿ ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ಮತ್ತೆ ಹೊತ್ತಿಕೊಳ್ಳಬಹುದು. ಆದ್ದರಿಂದ ಸುಟ್ಟ ಬ್ಯಾಟರಿಯನ್ನು ಮರಳಿ ಮನೆಯೊಳಗೆ ತರಬಾರದು, ಕಸದ ಬುಟ್ಟಿಗೂ ಹಾಕಬಾರದು. ಫೋನ್ ಅಥವಾ ಪವರ್ ಬ್ಯಾಂಕ್ ಉಬ್ಬಿಕೊಂಡಿದ್ದರೂ ಇದೇ ನಿಯಮ: ಚಾರ್ಜ್ ನಿಲ್ಲಿಸಿ, ಉರಿಯದ ಮೇಲ್ಮೈಯ ಮೇಲೆ ಬೇರೆಯಾಗಿಟ್ಟು, ಬ್ಯಾಟರಿ ಸಂಗ್ರಹಿಸುವ ಕೇಂದ್ರಕ್ಕೆ ತಲುಪಿಸಬೇಕು. ವಿಮಾನಗಳಲ್ಲಿ ಪವರ್ ಬ್ಯಾಂಕನ್ನು ಸರಕಿನ ಚೀಲದಲ್ಲಿ ಇಡಲು ಬಿಡದಿರುವುದಕ್ಕೂ ಕಾರಣ ಇದೇ. ಹೊತ್ತಿಕೊಂಡರೆ ಅದು ಸಿಬ್ಬಂದಿಯ ಕಣ್ಣಿಗೆ ಬೀಳುವ ಕಡೆ ಇರಬೇಕು.

ಒಂದು ಸಲದ ಕ್ರಮ, ಪ್ರತಿಸಲದ ಎಚ್ಚರ

ಒಂಬತ್ತು ಮನೆಗಳನ್ನು ತುಂಬಿದ ಮೇಲೆ ಅವುಗಳಲ್ಲಿ ಯಾವುದನ್ನು ಮೊದಲು ಕೈಗೊಳ್ಳಬೇಕೆಂಬ ಪ್ರಶ್ನೆ ಬರುತ್ತದೆ. ಒಮ್ಮೆ ಮಾಡಿದರೆ ತಾನಾಗಿ ಕಾಯುವ ಕ್ರಮಗಳಿಗೆ ಮೊದಲ ಸ್ಥಾನ, ಪ್ರತಿಸಲವೂ ಯಾರಾದರೂ ನೆನಪಿಟ್ಟುಕೊಂಡು ಮಾಡಬೇಕಾದ ಕ್ರಮಗಳಿಗೆ ಕೊನೆಯ ಸ್ಥಾನ ಎಂಬುದು ಸಂಶೋಧನೆಯ ಸ್ಪಷ್ಟ ಉತ್ತರ.

ಮಕ್ಕಳನ್ನು ಕೂರಿಸುವ ಚಕ್ರದ ವಾಕರ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದರಲ್ಲಿ ಕುಳಿತ ಮಗು ಒಂದು ಸೆಕೆಂಡಿನಲ್ಲಿ 3 ಅಡಿಗಿಂತಲೂ ಹೆಚ್ಚು ದೂರ ಸಾಗಬಲ್ಲದು. ದೊಡ್ಡವರು ಅದೇ ಕೋಣೆಯಲ್ಲಿದ್ದು ನೋಡುತ್ತಿದ್ದಾಗಲೇ ಮಕ್ಕಳು ಮೆಟ್ಟಿಲಿನಿಂದ ಉರುಳಿದ ಪ್ರಕರಣಗಳು ಬಹಳ. ನೋಡುತ್ತಿದ್ದರೂ ಕೈ ತಲುಪುವಷ್ಟು ಹೊತ್ತು ಸಿಗುವುದಿಲ್ಲ. ಅಮೆರಿಕದಲ್ಲಿ 1997ರಲ್ಲಿ ಬಂದ ಸ್ವಯಂಪ್ರೇರಿತ ಮಾನದಂಡವು ವಾಕರಿನ ಅಗಲ ಸಾಮಾನ್ಯ ಬಾಗಿಲಿಗಿಂತ ಹೆಚ್ಚಿರಬೇಕು, ಇಲ್ಲವೇ ಚಕ್ರ ಮೆಟ್ಟಿಲಿನ ಅಂಚು ದಾಟಿದೊಡನೆ ನಿಲ್ಲುವಂತಿರಬೇಕು ಎಂದು ವಿಧಿಸಿತು. ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ ವಾಕರ್ ಗಾಯಗಳ ಅಂದಾಜು ಸಂಖ್ಯೆ 1990ರಲ್ಲಿ 20,650 ಇದ್ದದ್ದು 2003ರ ಹೊತ್ತಿಗೆ 3,201ಕ್ಕೆ ಇಳಿಯಿತು. ಈ ಅವಧಿಯಲ್ಲಿ ತಂದೆತಾಯಂದಿರು ಹಿಂದಿಗಿಂತ ಆರು ಪಟ್ಟು ಹೆಚ್ಚು ಜಾಗರೂಕರಾದರೆಂದು ಯಾರೂ ವಾದಿಸಲಾರರು. ಬದಲಾದದ್ದು ಮುಖ್ಯವಾಗಿ ವಾಕರ್, ಮತ್ತು ಅದನ್ನು ಬಳಸುವವರ ಸಂಖ್ಯೆ. ಕೆನಡಾ ಇನ್ನೂ ಮುಂದೆ ಹೋಗಿ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಬಿಸಿನೀರಿನ ಕತೆಯೂ ಹೀಗೆಯೇ. 60 ಡಿಗ್ರಿ ಸೆಲ್ಸಿಯಸ್ ನೀರು ವಯಸ್ಕರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, 49 ಡಿಗ್ರಿಯಲ್ಲಿ ಅದಕ್ಕೆ ಹಲವು ನಿಮಿಷಗಳು ಬೇಕು, ಮಕ್ಕಳ ಮತ್ತು ವೃದ್ಧರ ಚರ್ಮ ಇನ್ನೂ ಬೇಗ ಸುಡುತ್ತದೆ. ಹನ್ನೊಂದು ಡಿಗ್ರಿಯ ವ್ಯತ್ಯಾಸ ಕೈ ಹಿಂತೆಗೆದುಕೊಳ್ಳಲು ಬೇಕಾದ ಕಾಲವನ್ನು ದೊರಕಿಸಿಕೊಡುತ್ತದೆ. ಆದರೆ ಟ್ಯಾಂಕಿನ ಉಷ್ಣತೆಯನ್ನೇ ಬಹಳ ಇಳಿಸಿದರೆ ಶ್ವಾಸಕೋಶದ ಸೋಂಕು ತರುವ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶವಾಗುತ್ತದೆ. ಒಂದು ಅಪಾಯ ಕಳೆಯಲು ಹೋಗಿ ಇನ್ನೊಂದನ್ನು ತಂದುಕೊಂಡಂತೆ. ದೊಡ್ಡ ಟ್ಯಾಂಕಿರುವ ಕಡೆ ನೀರನ್ನು ಬಿಸಿಯಾಗಿಯೇ ಇಟ್ಟು, ನಲ್ಲಿಗೆ ಬರುವ ದಾರಿಯಲ್ಲಿ ತಣ್ಣೀರನ್ನು ತಾನಾಗಿ ಬೆರೆಸುವ ಕವಾಟವನ್ನು ಕೂರಿಸುವುದು ಸರಿಯಾದ ಕ್ರಮ. ಸುಟ್ಟೇ ಹೋದರೆ ಹರಿಯುವ ತಂಪು ನೀರನ್ನು 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ.

ನುಂಗಬಹುದಾದ ಮೂರು ಹೊಸ ವಸ್ತುಗಳು

ಚಿಕ್ಕ ಮಕ್ಕಳು ನಾಣ್ಯ, ಗುಂಡಿ, ಮಣಿಗಳನ್ನು ನುಂಗುವುದು ಹೊಸದಲ್ಲ, ಮತ್ತು ಅವುಗಳಲ್ಲಿ ಹೆಚ್ಚಿನವು ತೊಂದರೆ ಕೊಡದೆ ಹೊರಬರುತ್ತವೆ. ‘ನಾಳೆ ಹೊರಬರುತ್ತದೆ ಬಿಡಿ’ ಎಂಬ ಹಳೆಯ ಸಮಾಧಾನ ಹುಟ್ಟಿದ್ದು ಆ ಅನುಭವದಿಂದ. ಕೆಳಗಿನ ಮೂರು ವಸ್ತುಗಳ ವಿಷಯದಲ್ಲಿ ಅದೇ ಸಮಾಧಾನ ಪ್ರಾಣಕ್ಕೆ ಎರವಾಗಬಹುದು.

ಮೊದಲನೆಯದು ಸುಮಾರು 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಲಿಥಿಯಂ ಬಟನ್ ಬ್ಯಾಟರಿ. ರಿಮೋಟ್, ತೂಕದ ಯಂತ್ರ, ಹಾಡುವ ಶುಭಾಶಯ ಪತ್ರ, ಮಿನುಗುವ ಅಲಂಕಾರದ ದೀಪ, ಕಾರಿನ ಕೀಲಿ ಎಲ್ಲದರಲ್ಲಿಯೂ ಅದಿದೆ. ಅದರ ಅಗಲ ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವಷ್ಟೇ ಇರುವುದು ದುರದೃಷ್ಟ. ಸಿಕ್ಕಿಕೊಂಡ ಕೂಡಲೇ ಒದ್ದೆಯಾದ ಗೋಡೆಯ ಮೂಲಕ ವಿದ್ಯುತ್ ಹರಿದು, ಋಣ ಧ್ರುವದ ಬಳಿ ಪ್ರಬಲ ಕ್ಷಾರ ಉತ್ಪತ್ತಿಯಾಗಿ ಅಂಗಾಂಶವನ್ನು ಕರಗಿಸತೊಡಗುತ್ತದೆ. ಎರಡು ಗಂಟೆಗಳೊಳಗೆ ತೀವ್ರ ಹಾನಿಯಾಗಬಹುದು. ರಿಮೋಟ್ ನಡೆಸಲಾಗದಷ್ಟು ಸತ್ತ ಬ್ಯಾಟರಿಯಲ್ಲಿಯೂ ಇಷ್ಟು ಹಾನಿ ಮಾಡುವ ಶಕ್ತಿ ಉಳಿದಿರುತ್ತದೆ. ಆದ್ದರಿಂದ ಬದಲಾಯಿಸಿ ಮೇಜಿನ ಮೇಲಿಟ್ಟ ಹಳೆಯ ಬ್ಯಾಟರಿಯೂ ಅಪಾಯಕರವೇ. ಬಟನ್ ಬ್ಯಾಟರಿಗಳ ಮೇಲೆ ಕಡ್ಡಾಯ ಸುರಕ್ಷತಾ ನಿಯಮಗಳನ್ನು ಆಸ್ಟ್ರೇಲಿಯಾ 2022ರಲ್ಲಿ ಜಾರಿಗೆ ತಂದಿತು. ಅಮೆರಿಕ ಕೂಡ ಅದೇ ವರ್ಷ ಕಾನೂನು ಮಾಡಿತು. ಬ್ಯಾಟರಿಯ ಕೋಣೆಯನ್ನು ಸ್ಕ್ರೂ ಬಿಚ್ಚಿಯೋ ಎರಡು ಕೈಗಳ ಕೆಲಸದಿಂದಲೋ ಮಾತ್ರ ತೆರೆಯುವಂತಿರಬೇಕು ಎಂಬುದು ಅವುಗಳ ತಿರುಳು. ಮನೆಯಲ್ಲಿಯೂ ಇದನ್ನೇ ಪರೀಕ್ಷಿಸಬೇಕು: ಬ್ಯಾಟರಿಯ ಮುಚ್ಚಳ ಉಗುರಿನಿಂದ ತೆರೆಯುತ್ತದೆಯಾದರೆ ಆ ವಸ್ತು ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ತಕ್ಕುದಲ್ಲ.

ಮಗು ನುಂಗಿರಬಹುದೆಂಬ ಅನುಮಾನವೇ ಆಸ್ಪತ್ರೆಗೆ ಓಡಲು ಸಾಕಾದ ಕಾರಣ. ಜೊಲ್ಲು ಸುರಿಯುವುದು, ಕೆಮ್ಮು, ಊಟ ನಿರಾಕರಿಸುವುದು ಕಾಣಬಹುದು. ಯಾವ ಲಕ್ಷಣವೂ ಕಾಣದೆಯೂ ಇರಬಹುದು. ಎಕ್ಸ್-ರೇಯಲ್ಲಿ ಬ್ಯಾಟರಿಯ ಅಂಚು ಎರಡು ಬಳೆಗಳಂತೆ ಕಾಣುವುದರಿಂದ ವೈದ್ಯರು ಅದನ್ನು ನಾಣ್ಯದಿಂದ ಬೇರ್ಪಡಿಸುತ್ತಾರೆ, ಹಾಗಾಗಿ ಬ್ಯಾಟರಿಯ ಅನುಮಾನವಿದೆ ಎಂಬುದನ್ನು ಮೊದಲ ಮಾತಿನಲ್ಲಿಯೇ ತಿಳಿಸಬೇಕು. ವಾಂತಿ ಮಾಡಿಸಬಾರದು. ನುಂಗಿ 12 ಗಂಟೆ ಮೀರಿರದಿದ್ದರೆ, ಮಗುವಿಗೆ ಒಂದು ವರ್ಷ ತುಂಬಿದ್ದರೆ ಮತ್ತು ಅದು ನುಂಗಬಲ್ಲ ಸ್ಥಿತಿಯಲ್ಲಿದ್ದರೆ, ಆಸ್ಪತ್ರೆಯ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪವನ್ನು ಹೆಚ್ಚೆಂದರೆ ಆರು ಸಲ ಕೊಡಬಹುದೆಂದು ಅಮೆರಿಕದ ನ್ಯಾಷನಲ್ ಕ್ಯಾಪಿಟಲ್ ಪಾಯ್ಸನ್ ಸೆಂಟರ್‌ನ ಮಾರ್ಗಸೂಚಿ ಹೇಳುತ್ತದೆ. ಜೇನು ಬ್ಯಾಟರಿಯನ್ನು ಲೇಪಿಸಿ ಕ್ಷಾರದ ಉತ್ಪತ್ತಿಯನ್ನು ನಿಧಾನಗೊಳಿಸುತ್ತದೆ, ಅಷ್ಟೇ; ಜೇನು ಹುಡುಕುತ್ತ ಹೊರಡುವುದನ್ನು ತಡಮಾಡುವುದು ದೊಡ್ಡ ತಪ್ಪಾಗುತ್ತದೆ. ಮೂಗು ಅಥವಾ ಕಿವಿಯೊಳಗೆ ಸೇರಿದ ಬ್ಯಾಟರಿಯೂ ಇಷ್ಟೇ ತುರ್ತಿನದು.

ಎರಡನೆಯದು ನಿಯೋಡೀಮಿಯಂ ಅಯಸ್ಕಾಂತದ ಪುಟ್ಟ ಗುಂಡುಗಳು. ಒಂದನ್ನು ನುಂಗಿದರೆ ಅದು ಸಾಮಾನ್ಯವಾಗಿ ಹೊರಬರುತ್ತದೆ. ಎರಡು ಗುಂಡುಗಳು ಬೇರೆಬೇರೆ ಹೊತ್ತಿನಲ್ಲಿ ಹೊಟ್ಟೆ ಸೇರಿದರೆ ಕರುಳಿನ ಎರಡು ಸುರುಳಿಗಳನ್ನು ನಡುವೆ ಹಿಡಿದು ಪರಸ್ಪರ ಸೆಳೆಯುತ್ತವೆ. ಒತ್ತಡದಿಂದ ಅಲ್ಲಿ ರಕ್ತ ಸಂಚಾರ ನಿಂತು ಕರುಳು ತೂತಾಗುತ್ತದೆ. ಇಲ್ಲಿ ಅಪಾಯಕ್ಕೆ ಸಿಲುಕುವವರು ತೆವಳುವ ಮಕ್ಕಳು ಮಾತ್ರವಲ್ಲ. ತುಟಿ ಮೂಗುಗಳಿಗೆ ಆಭರಣ ಚುಚ್ಚಿಸಿಕೊಂಡಂತೆ ತೋರಿಸಲು ಬಾಯಿಯ ಒಳಗೂ ಹೊರಗೂ ಗುಂಡುಗಳನ್ನಿಟ್ಟುಕೊಳ್ಳುವ ಹದಿಹರೆಯದವರೂ ಇದ್ದಾರೆ. ಹೊಟ್ಟೆನೋವು ಬರುವವರೆಗೆ ಕಾಯದೆ ಎಕ್ಸ್-ರೇ ಮಾಡಿಸಬೇಕು.

ಮೂರನೆಯದು ನೀರಿನಲ್ಲಿ ಹಿಗ್ಗುವ ಬಣ್ಣದ ಜೆಲ್ ಮಣಿಗಳು. ಒಣಗಿದಾಗ ಸಾಸಿವೆಯಷ್ಟಿರುವ ಮಣಿ ದೇಹದ ದ್ರವವನ್ನು ಹೀರುತ್ತ ಹಲವು ಗಂಟೆಗಳಲ್ಲಿ ದೊಡ್ಡದಾಗಿ ಕರುಳನ್ನು ಮುಚ್ಚಿಬಿಡಬಹುದು. ಎಕ್ಸ್-ರೇಯಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ವಾಂತಿ ಮಾಡುತ್ತಿರುವ ಮಗುವಿನ ಮನೆಯಲ್ಲಿ ಅಂಥ ಮಣಿಗಳಿವೆ ಎಂಬ ಒಂದು ಮಾತು ವೈದ್ಯರಿಗೆ ಚಿತ್ರಕ್ಕಿಂತ ಹೆಚ್ಚು ಉಪಯುಕ್ತವಾಗಬಹುದು. ಚಿಕ್ಕ ಮಕ್ಕಳಿರುವ ಕಡೆ ಅವು ಇರಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಸಾವಿರಾರು ಮಣಿಗಳ ಪೊಟ್ಟಣ ಚೆಲ್ಲಿದ ಮೇಲೆ ಒಂದೂ ಉಳಿಯದಂತೆ ಆರಿಸಿದ್ದೇವೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ.

ಅಂಕಿಅಂಶವನ್ನು ಓದುವಾಗ

ಹೊಸ ಅಪಾಯವೊಂದು ಅಪಾಯವೆಂದು ಸಾಬೀತಾಗಲು ಕಾಲ ಹಿಡಿಯುತ್ತದೆ. ಮೊದಲು ಒಬ್ಬಿಬ್ಬರು ವೈದ್ಯರು ವಿಚಿತ್ರ ಪ್ರಕರಣವೊಂದನ್ನು ವರದಿ ಮಾಡುತ್ತಾರೆ. ನಂತರ ಗಾಯಗಳ ನಿಗಾ ವ್ಯವಸ್ಥೆಯಲ್ಲಿ ಅಂಥವು ಗುಂಪಾಗಿ ಕಾಣತೊಡಗುತ್ತವೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಸುಮಾರು 100 ಆಸ್ಪತ್ರೆಗಳ ತುರ್ತು ವಿಭಾಗಗಳಿಂದ ಗಾಯಕ್ಕೆ ಕಾರಣವಾದ ವಸ್ತುವಿನ ವಿವರ ಸಂಗ್ರಹಿಸಿ ಅದರಿಂದ ಇಡೀ ದೇಶದ ಅಂದಾಜು ಕಟ್ಟುತ್ತದೆ. ಕೆನಡಾದಲ್ಲಿಯೂ 1990ರಿಂದ ಇಂಥದೇ ಆಸ್ಪತ್ರೆ ಆಧಾರಿತ ವ್ಯವಸ್ಥೆಯಿದೆ. ಆದರೆ ದಾಖಲಾತಿಯಲ್ಲಿ ‘ಆಟಿಕೆ’ ಎಂಬ ಒಂದೇ ಸಂಕೇತದಡಿ ಎಲ್ಲವೂ ಸೇರಿಹೋದರೆ ಅದರೊಳಗಿನ ಜೆಲ್ ಮಣಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಸ ವಸ್ತುವಿಗೆ ಹೊಸ ಸಂಕೇತ ಬರುವವರೆಗೆ ಅದರ ಗಾಯಗಳು ಲೆಕ್ಕದ ಹೊರಗೇ ಇರುತ್ತವೆ. ಆದ್ದರಿಂದ ‘ಇದರಿಂದ ಗಾಯವಾದ ವರದಿಗಳಿಲ್ಲ’ ಎಂಬ ವಾಕ್ಯವನ್ನು ‘ಇದು ಸುರಕ್ಷಿತ’ ಎಂದು ಓದಿಕೊಳ್ಳಬಾರದು.

ಸಂಖ್ಯೆ ಬಂದ ಮೇಲೂ ಭಾಜಕವನ್ನು, ಅಂದರೆ ಒಟ್ಟು ಎಷ್ಟರಲ್ಲಿ ಇಷ್ಟು ಎಂಬುದನ್ನು, ಕೇಳಬೇಕು. ನಿಂತು ಓಡಿಸುವ ಬಾಡಿಗೆ ಇ-ಸ್ಕೂಟರುಗಳು 2017ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂದ ಮೇಲೆ, ಅಲ್ಲಿನ ದಕ್ಷಿಣ ಭಾಗದ ಎರಡು ತುರ್ತು ವಿಭಾಗಗಳಿಗೆ ಒಂದು ವರ್ಷದಲ್ಲಿ ಬಂದ 249 ಗಾಯಾಳುಗಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಶೇಕಡ 40ರಷ್ಟು ಜನರಿಗೆ ತಲೆಗೆ ಪೆಟ್ಟಾಗಿತ್ತು, ಸುಮಾರು ಶೇಕಡ 32ರಷ್ಟು ಜನರಿಗೆ ಮೂಳೆ ಮುರಿದಿತ್ತು. ಸವಾರರಲ್ಲಿ ಹೆಲ್ಮೆಟ್ ಧರಿಸಿದ್ದ ದಾಖಲೆ ಇದ್ದದ್ದು ಶೇಕಡ 4.4ರಷ್ಟು ಜನರಿಗೆ ಮಾತ್ರ. 21 ಮಂದಿ ಸವಾರರೇ ಆಗಿರಲಿಲ್ಲ; ಡಿಕ್ಕಿಗೆ ಸಿಕ್ಕವರು ಅಥವಾ ದಾರಿಯಲ್ಲಿ ಬಿಟ್ಟ ಸ್ಕೂಟರನ್ನು ಎಡವಿದವರೂ ಅವರಲ್ಲಿದ್ದರು. ಗಾಯಗೊಂಡವರಲ್ಲಿ ಯಾವ ಬಗೆಯ ಗಾಯ ಹೆಚ್ಚೆಂಬುದನ್ನು ಈ ಅಂಕಿಗಳು ಚೆನ್ನಾಗಿ ಹೇಳುತ್ತವೆ. ಸೈಕಲಿಗಿಂತ ಸ್ಕೂಟರ್ ಹೆಚ್ಚು ಅಪಾಯಕಾರಿಯೇ ಎಂಬುದನ್ನು ಹೇಳಲಾರವು, ಏಕೆಂದರೆ ಒಟ್ಟು ಎಷ್ಟು ಸವಾರಿಗಳಲ್ಲಿ ಇಷ್ಟು ಗಾಯಗಳಾದವೆಂಬ ಲೆಕ್ಕ ಅಲ್ಲಿಲ್ಲ. ಸುದ್ದಿಯ ತಲೆಬರಹ ಈ ಎರಡನ್ನೂ ಬೆರೆಸಿಬಿಡುತ್ತದೆ. ಓದುಗನ ಕೆಲಸಕ್ಕೆ ಬರುವ ಭಾಗವಾದರೂ ಸ್ಪಷ್ಟವಾಗಿದೆ: ಸಣ್ಣ ಚಕ್ರ ಗುಂಡಿಯಲ್ಲಿ ಸಿಕ್ಕಿದಾಗ ಸವಾರ ಮುಂದಕ್ಕೆ ಎಸೆಯಲ್ಪಡುವುದರಿಂದ ಮೊದಲು ಕಾಯಬೇಕಾದದ್ದು ತಲೆಯನ್ನು.

ಒಂದೇ ಅಧ್ಯಯನದ ಸಂಖ್ಯೆಗೆ ಅಂಟಿಕೊಳ್ಳುವುದೂ ಸರಿಯಲ್ಲ. ಸೈಕಲ್ ಹೆಲ್ಮೆಟ್ ತಲೆಯ ಗಾಯವನ್ನು ಶೇಕಡ 85ರಷ್ಟು ತಗ್ಗಿಸುತ್ತದೆಂದು ಸಿಯಾಟಲ್‌ನ 1989ರ ಅಧ್ಯಯನವೊಂದು ಹೇಳಿತು, ಮತ್ತು ಆ ಸಂಖ್ಯೆಯನ್ನು ದಶಕಗಳ ಕಾಲ ಎಲ್ಲರೂ ಉಲ್ಲೇಖಿಸಿದರು. ಹಲವು ಅಧ್ಯಯನಗಳನ್ನು ಕೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆ ತಲೆಯ ಗಾಯಕ್ಕೆ ಶೇಕಡ 51, ತೀವ್ರ ಗಾಯಕ್ಕೆ ಶೇಕಡ 69ರಷ್ಟು ಇಳಿಕೆಯನ್ನು ಕಂಡಿತು. ಲಾಭ ಸುಳ್ಳಾಗಲಿಲ್ಲ, ಅದರ ಪ್ರಮಾಣ ಮಾತ್ರ ಸರಿಹೋಯಿತು.

ನಿಯಮ ಬಂದು ಹೋಗುವ ಸಂದರ್ಭಗಳು ಸಂಶೋಧಕರಿಗೆ ಅಪರೂಪದ ಸಾಕ್ಷ್ಯ ಒದಗಿಸುತ್ತವೆ. ಮೇಲೆ ಹೇಳಿದ ಅಯಸ್ಕಾಂತದ ಗುಂಡುಗಳ ಮೇಲೆ ಅಮೆರಿಕ 2014ರಲ್ಲಿ ರೂಪಿಸಿದ ನಿಯಮವನ್ನು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಗೊಳಿಸಿತು. ಮಾರಾಟ ಮರಳಿತು, ಅದರೊಡನೆ ವಿಷ ಮಾಹಿತಿ ಕೇಂದ್ರಗಳಿಗೆ ಬರುವ ಕರೆಗಳೂ ಗಣನೀಯವಾಗಿ ಏರಿದವು. 2022ರಲ್ಲಿ ಹೊಸ ನಿಯಮ ಮಾಡಬೇಕಾಯಿತು. ಇಷ್ಟು ನೇರವಾದ ಪುರಾವೆ ಗಾಯ ತಡೆಯ ಕ್ಷೇತ್ರದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಗಾಯವಾದಾಗ ಅಥವಾ ಕೂದಲೆಳೆಯಲ್ಲಿ ತಪ್ಪಿದಾಗ

ಚಾರ್ಜರ್ ಕರಗಿದೆ, ಬ್ಯಾಟರಿಯ ಮುಚ್ಚಳ ಬಿದ್ದ ಪೆಟ್ಟಿಗೆ ತೆರೆದುಕೊಂಡಿದೆ, ಕಪಾಟು ಮುಂದಕ್ಕೆ ವಾಲಿ ಮತ್ತೆ ನಿಂತಿದೆ. ಗಾಯವಾಗಲಿಲ್ಲವೆಂಬ ನೆಮ್ಮದಿಯಲ್ಲಿ ಇಂಥವನ್ನು ಮರೆಯುವುದೇ ರೂಢಿ. ಗಾಯವಾಗದೆ ಸಿಕ್ಕ ಇಂಥ ಎಚ್ಚರಿಕೆಯನ್ನು ಅದೇ ದಿನ ಒಂಬತ್ತು ಮನೆಗಳ ಹಾಳೆಗೆ ಸೇರಿಸಿ, ಯಾವ ಮನೆ ಖಾಲಿ ಇತ್ತೆಂಬುದನ್ನು ನೋಡಬೇಕು.

ವಸ್ತುವನ್ನು ಕೋಪದಿಂದ ಎಸೆಯಬಾರದು, ತಾನೇ ಬಿಚ್ಚಿ ರಿಪೇರಿ ಮಾಡಲೂ ಬಾರದು. ಬೆಂಕಿಯ ಅಪಾಯವಿಲ್ಲದಿದ್ದರೆ ಅದನ್ನು ಬೇರೆಯಾಗಿ ಕಾದಿಟ್ಟು, ತಯಾರಕರ ಹೆಸರು, ಮಾದರಿ ಸಂಖ್ಯೆ, ತಯಾರಾದ ದಿನಾಂಕವಿರುವ ಚೀಟಿ ಕಾಣುವಂತೆ ಫೋಟೊ ತೆಗೆಯಬೇಕು. ಯಾರು ಎಲ್ಲಿದ್ದರು, ವಸ್ತು ಯಾವ ಸ್ಥಿತಿಯಲ್ಲಿತ್ತು, ಚಾರ್ಜಿನಲ್ಲಿತ್ತೇ, ಎಷ್ಟು ಎತ್ತರದಿಂದ ಬಿತ್ತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಟ್ಟು, ದೇಶದ ಗ್ರಾಹಕ ಸುರಕ್ಷತಾ ಪ್ರಾಧಿಕಾರಕ್ಕೂ ಮಾರಿದವರಿಗೂ ಕಳುಹಿಸಬೇಕು. ಆಸ್ಪತ್ರೆಗೆ ಹೋಗಿದ್ದರೆ ‘ಮಗು ಬಿದ್ದಿತು’ ಎಂದಷ್ಟೇ ಬರೆಯಿಸದೆ, ಯಾವ ವಸ್ತುವಿನಿಂದ, ಯಾವ ರೀತಿಯಲ್ಲಿ ಎಂಬ ಮಾತನ್ನೂ ದಾಖಲೆಗೆ ಸೇರಿಸುವಂತೆ ಕೇಳಿಕೊಳ್ಳಬೇಕು. ನಿಗಾ ವ್ಯವಸ್ಥೆಯವರು ಹುಡುಕುವುದು ಆ ಒಂದು ಸಾಲನ್ನೇ.

ಹಳೆಯದನ್ನು ಇನ್ನೊಬ್ಬರಿಗೆ ಕೊಡುವಾಗ ಅಥವಾ ಇನ್ನೊಬ್ಬರಿಂದ ಪಡೆಯುವಾಗ ಅದೇ ಮಾದರಿ ಸಂಖ್ಯೆಯನ್ನು ಹಿಂತೆಗೆದುಕೊಂಡ ಉತ್ಪನ್ನಗಳ ಪಟ್ಟಿಯಲ್ಲಿ ಹುಡುಕಬೇಕು. ಮಗುವಿನ ಹಾಸಿಗೆ, ವಾಕರ್, ಕಾರಿನ ಮಕ್ಕಳ ಆಸನ, ಚಾರ್ಜರ್ ಇವುಗಳಲ್ಲಿ ಯಾವುದೇ ಆಗಲಿ, ಚೀಟಿ ಕಿತ್ತುಹೋಗಿ ಮಾದರಿಯೇ ತಿಳಿಯದಿದ್ದರೆ ತೆಗೆದುಕೊಳ್ಳಬಾರದು, ಕೊಡಲೂ ಬಾರದು.